ಹೂಂ ಎಲ್ಲಿ ಹೋಯಿತು?

ಮೈಸೂರಿನವರು ಕಿವಿಗೆ 'ತಿಳಿ' ಹಾಕಿಕೊಳ್ಳಲು ಶುರುಮಾಡಿದ ವರ್ಷ ಊರಿನಿಂದ ಮೊದಲು ಮಾಯವಾದದ್ದು ಆಟೋಗಳ ಹಾರ್ನು. ಅದರ ಹಿಂದೆಯೇ ಪಕ್ಕದ ಮನೆಯ ಮಿಕ್ಸಿ ಹೋಯಿತು, ಕಲ್ಯಾಣಮಂಟಪದ ಸ್ಪೀಕರು ಹೋಯಿತು, ತಲೆಯ ಮೇಲಿನ ಫ್ಯಾನಿನ ಗರಗರ ಹೋಯಿತು. ನಿಜ ಹೇಳಬೇಕೆಂದರೆ ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ಹಾರ್ನು ಮೊದಲಿನ ಹಾಗೆಯೇ ಬಡಿದುಕೊಳ್ಳುತ್ತಿತ್ತು. ಕಿವಿಯ ಬಾಗಿಲವರೆಗೆ ಬಂದು, ಒಳಗೆ ಬಿಡುವವರಿಲ್ಲದೆ ಅಲ್ಲೇ ಕರಗುತ್ತಿತ್ತು, ಅಷ್ಟೆ.

'ತಿಳಿ' ಅವರೆಕಾಳಿನ ಗಾತ್ರದ ಯಂತ್ರ. ಕಿವಿಯೊಳಗೆ ಇಟ್ಟರೆ ಇಟ್ಟಲ್ಲೇ ಕೂರುತ್ತದೆ. ಹೊರಗಿನಿಂದ ಬರುವ ಶಬ್ದವನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿ, ಇದು ಮಾತು, ಇದು ಗಲಾಟೆ ಎಂದು ಬೇರೆ ಮಾಡುತ್ತದೆ. ಗಲಾಟೆಯ ಪ್ರತಿ ಅಲೆಗೂ ಅದಕ್ಕೆ ಸರಿಯಾಗಿ ತಲೆಕೆಳಗಾದ ಇನ್ನೊಂದು ಅಲೆಯನ್ನು ಹುಟ್ಟಿಸಿ, ಎರಡನ್ನೂ ಕೂಡಿಸಿ ಸೊನ್ನೆ ಮಾಡುತ್ತದೆ. ಉಳಿದ ಮಾತನ್ನು ತೊಳೆದು ಒರೆಸಿ ಕಿವಿಗೆ ಬಡಿಸುತ್ತದೆ. ಫೋನಿನ ಮಾತೂ ಅದರ ಮೂಲಕವೇ ಬರಬೇಕು. ಇಷ್ಟೆಲ್ಲ ನಡೆಯುವುದು ಕಣ್ಣುರೆಪ್ಪೆ ಮಿಟುಕಿಸುವುದರೊಳಗೆ. ಸಾರಿನ ಪಾತ್ರೆಯಲ್ಲಿ ಮೇಲೆ ನಿಲ್ಲುವುದು ತಿಳಿ, ತಳದಲ್ಲಿ ಕೂರುವುದು ಗಸಿ. ಹೆಸರಿಟ್ಟವರು ಊಟ ಬಲ್ಲವರೇ ಇರಬೇಕು.

ಯಾವುದು ಮಾತು, ಯಾವುದು ಗಲಾಟೆ ಎಂದು ಈ ಊರಿನ ಯಂತ್ರಕ್ಕೆ ಕಲಿಸಿದ್ದು ವಾರಿಜಾ. ಕಲಿಸಿದ್ದು ಎಂದರೆ ಎದುರು ಕೂತು ಪಾಠ ಹೇಳಿದ್ದಲ್ಲ. ಒಂಟಿಕೊಪ್ಪಲಿನ ಧ್ವನಿಮುದ್ರಣ ಸ್ಟುಡಿಯೊ ಒಂದರಲ್ಲಿ ಅವಳು ಹರೆಯದಿಂದ ಕೆಲಸ ಮಾಡಿದವಳು. ರೇಡಿಯೊಗೆ ಹೋಗುವ ಸಂದರ್ಶನ, ಹರಟೆ, ನಾಟಕಗಳನ್ನು ತೊಳೆದು ಅಚ್ಚುಕಟ್ಟು ಮಾಡುವುದು ಅವಳ ಕೆಲಸ. ಕೆಮ್ಮು, ಕುರ್ಚಿ ಎಳೆದ ಸದ್ದು, ಕಾಗದ ಮಗುಚಿದ ಸದ್ದು, ಎಲ್ಲವನ್ನೂ ಅವಳು ಹೇನು ಹೆಕ್ಕುವ ಹಾಗೆ ಹೆಕ್ಕಿ ತೆಗೆಯುತ್ತಿದ್ದಳು. ಸ್ಟುಡಿಯೊ ಮುಚ್ಚಿದಾಗ ತೊಳೆಯುವ ಮೊದಲಿನ ಮತ್ತು ತೊಳೆದ ನಂತರದ ಧ್ವನಿಗಳ ಇಡೀ ರಾಶಿಯನ್ನು ತಿಳಿ ಕಂಪನಿ ಕೊಂಡುಕೊಂಡಿತು. ಯಂತ್ರ ಜೋಡಿ ಜೋಡಿಯಾಗಿ ಕೇಳಿ ಅವಳ ಕೈಚಳಕವನ್ನು ಕಲಿತುಕೊಂಡಿತು. ರಾಶಿಯ ಜೊತೆ ಬಳುವಳಿ ಬಂದ ಹಾಗೆ ವಾರಿಜಾಳೂ ಕಂಪನಿಗೆ ಬಂದಳು.

ಅಲ್ಲಿಯ ಆಲಿಸುವ ಕೋಣೆ ಅವಳಿಗೆ ಇಷ್ಟವಾಗಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ, ಎದುರಿಗೆ ಆಳೆತ್ತರದ ಎರಡು ಸ್ಪೀಕರು, ನಡುವೆ ಒಂದು ಕುರ್ಚಿ. ಯಂತ್ರ ತೊಳೆದದ್ದನ್ನು ಕೇಳಿ ಅವಳು ತಪ್ಪು ಹೇಳಬೇಕು. ಮೊದಲ ವರ್ಷ ದಿನವೂ ತಪ್ಪು ಸಿಗುತ್ತಿತ್ತು. ಎರಡನೆಯ ವರ್ಷ ಎಂದಾದರೊಮ್ಮೆ. ಈಗ ಅವಳು ಬೆಳಗಿನಿಂದ ಸಂಜೆಯವರೆಗೆ "ಸರಿ" ಎನ್ನುವ ಒಂದೇ ಗುಂಡಿ ಒತ್ತುತ್ತಿದ್ದಳು. ಮೊದಲೆಲ್ಲ ಬೆಳಗ್ಗೆ ಅಡುಗೆಮನೆಯಲ್ಲಿ ನಿಂತು ಕುಕ್ಕರಿನ ಸೀಟಿ ಯಾವ ಶ್ರುತಿ, ಒಗ್ಗರಣೆಯ ಚಟಪಟ ಯಾವಾಗ ತಗ್ಗಿತು ಎಂದು ಕಿವಿಗೆ ಸಾಧನೆ ಮಾಡಿಸುತ್ತಿದ್ದಳು. ಅದನ್ನು ಯಾವತ್ತು ಬಿಟ್ಟಳೋ ಅವಳಿಗೇ ನೆನಪಿರಲಿಲ್ಲ.

ಧನುರ್ಮಾಸದ ಒಂದು ಬೆಳಗ್ಗೆ ವಿಭಾಗದ ಮುಖ್ಯಸ್ಥೆ ಫರ್ಹಾನಾ ಎರಡು ಲೋಟ ಟೀ ಹಿಡಿದು ಒಳಗೆ ಬಂದಳು. ವಾರಿಜಾಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಟೀ ತಾನೇ ತಂದಿದ್ದಾಳೆ ಎಂದರೆ ಸುದ್ದಿ ಒಳ್ಳೆಯದಲ್ಲ.

"ವಾರಿಜಕ್ಕ, ಈ ಕೋಣೆಗೆ ಇನ್ನು ಮನುಷ್ಯರು ಬೇಡವಂತೆ. ಹೆಡ್ಡಾಫೀಸಿಂದ ಬಂದಿದೆ."

"ಹೂಂ."

"ದೂರು ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ. ಸಂಕ್ರಾಂತಿವರೆಗೂ ಅಲ್ಲಿ ಕೂತಿರಿ. ಆಮೇಲೆ ನೋಡೋಣ."

"ನೋಡೋಣ ಅಂದ್ರೆ ಏನರ್ಥ ಅಂತ ನಂಗೊತ್ತು ಕಣಮ್ಮ. ನನ್ನ ನೋಡೋಕೆ ಬಂದ ಗಂಡುಗಳೆಲ್ಲ ಕೇಸರಿಬಾತ್ ತಿಂದು ಹಾಗೇ ಹೇಳಿ ಹೋಗಿದ್ರು."

ಫರ್ಹಾನಾ ನಗಲಿಲ್ಲ. ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು. ವಾರಿಜಾ ಟೀ ಕುಡಿದಳು. ಐವತ್ತೊಂದರ ವಯಸ್ಸಿನಲ್ಲಿ, ತನ್ನ ಕೈಯಿಂದ ಕಲಿತ ವಿದ್ಯಾರ್ಥಿಯೇ ತನ್ನನ್ನು ಮನೆಗೆ ಕಳಿಸುತ್ತಿರುವಾಗ, ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದು? ಕಿವಿಯೊಂದೇ ತನ್ನ ಬದುಕಿನ ಬಂಡವಾಳ ಎಂದುಕೊಂಡಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅದನ್ನೂ ಕಟ್ಟಿ ಅಟ್ಟಕ್ಕೆ ಹಾಕಬೇಕು.

ಮನೆಯಲ್ಲಿ ಅವರೆಕಾಯಿಯ ಕಾಲ. ನೆನೆಹಾಕಿದ ಕಾಳನ್ನು ಬೆರಳಲ್ಲಿ ಒತ್ತಿ ಹಿತುಕುತ್ತ ಅತ್ತೆ ಪುಟ್ಟತಾಯಮ್ಮ ನಡುಮನೆಯಲ್ಲಿ ಕೂತಿದ್ದರು. ಗಂಡ ಮಾದೇವಪ್ರಸಾದ್ ಹೈಸ್ಕೂಲಿನ ಗಣಿತದ ಮೇಷ್ಟ್ರು. ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಹಿತುಕಿದ ಕಾಳು ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಪ್ರತಿ ವರ್ಷ ಈ ಹೊತ್ತಿಗೆ ಅತ್ತೆಯ ಬಾಯಿಗೆ ಬಿಡುವಿರುತ್ತಿರಲಿಲ್ಲ. ಅವರದೊಂದು ಕಥೆ ಮನೆಯಲ್ಲೆಲ್ಲ ಪ್ರಸಿದ್ಧ. ಅವರ ಅಣ್ಣನ ಮದುವೆಯಲ್ಲಿ ಗಂಡಿನ ಕಡೆಯ ದಿಬ್ಬಣದ ಲಾರಿ ದಾರಿ ತಪ್ಪಿ, ಹೋಗಬೇಕಾದ ಹೊಸಹಳ್ಳಿಯ ಬದಲು ಇನ್ನೊಂದು ಹೊಸಹಳ್ಳಿಗೆ ಹೋದ ಕಥೆ. ಆ ಸೀಮೆಯಲ್ಲಿ ಎಲ್ಲಿ ಕಲ್ಲೆಸೆದರೂ ಒಂದು ಹೊಸಹಳ್ಳಿಗೆ ಬೀಳುತ್ತದೆ.

ಈ ದೀಪಾವಳಿಗೆ ವಾರಿಜಾ ಅತ್ತೆಗೆ ಒಂದು ತಿಳಿ ತಂದುಕೊಟ್ಟಿದ್ದಳು. ಮಂದವಾಗಿದ್ದ ಕಿವಿ ತೆರೆದುಕೊಂಡಿತ್ತು. ಮೊದಲ ವಾರ ಅವರು ಮನೆಯವರೆಲ್ಲರ ಪಿಸುಮಾತು ಹಿಡಿದು ಹಿಡಿದು ಹೆದರಿಸಿದ್ದರು. ಆಮೇಲೆ ಯಾಕೋ ಅವರ ಮಾತು ಕಡಿಮೆಯಾಗುತ್ತ ಬಂತು.

"ಲಾರಿ ಹೊಸಳ್ಳಿ ತಾವ ಬಂದು ನಿಂತ್ಕತು," ಎಂದರು ಅತ್ತೆ.

"ಹೂಂ," ಎಂದಳು ವಾರಿಜಾ, ಕಾಳು ಹಿತುಕುತ್ತ.

ಅತ್ತೆ ತಲೆಯೆತ್ತಿ ನೋಡಿದರು. "ನಿಂತ್ಕತು."

"ಹೂಂ."

"ಕೇಳ್ತಿದ್ದೀಯೇನವ್ವ?"

"ಕೇಳ್ತಿದ್ದೀನಿ ಅತ್ತೆ, ಹೇಳಿ."

ಅತ್ತೆ ಇನ್ನೆರಡು ಕಾಳು ಹಿತುಕಿದರು. "ಹೋಗ್ಲಿ ಬುಡು. ನಿಂಗೆ ಕೆಲ್ಸದ ಯೋಚ್ನೆ."

ಲಾರಿ ಹೊಸಹಳ್ಳಿಯಲ್ಲೇ ನಿಂತಿತು. ಈಚೆಗೆ ಅದು ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ಒಳಗೆ ಹೋದಾಗ ಮಾದೇವಪ್ರಸಾದ್ ಕೆಂಪು ಪೆನ್ನು ಕೆಳಗಿಟ್ಟರು.

"ನೋಡ್ದಾ? ಅವ್ವಂಗೆ ಮರೆವು ಶುರುವಾಗಿದೆ. ಕಥೆ ಮುಂದಕ್ಕೇ ಹೋಗಲ್ಲ. ಹಬ್ಬ ಕಳೀಲಿ, ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಣ."

ವಾರಿಜಾಳಿಗೆ ತನ್ನ ಕಿವಿಯೂ ಅತ್ತೆಯ ಕಥೆಯೂ ಒಂದೇ ಸಂಕ್ರಾಂತಿಗೆ ಮುಗಿಯಲಿವೆ ಎಂದು ಯಾರೋ ಬರೆದಿಟ್ಟ ಹಾಗಿತ್ತು.

ದೂರು ವಿಭಾಗದಲ್ಲಿ ಮೊದಲು ಸಿಕ್ಕಿದ್ದು ಬನ್ನೂರಿನ ಒಬ್ಬ ಹೆಂಗಸು.

"ನಾವಿಬ್ರೂ ನಿಮ್ ಮಿಷಿನ್ ಹಾಕ್ಕೊಂಡ್ ಮ್ಯಾಲೆ ನಮ್ ಯಜಮಾನ್ರು ಕಲ್ಲಾಗವ್ರೆ ಮೇಡಂ."

"ಕಿವಿ ಕೇಳಿಸ್ತಿಲ್ವಾ ಅವ್ರಿಗೆ?"

"ಕೇಳಿಸ್ತದೆ. ಕೇಳಿದ್ದಕ್ಕೆಲ್ಲ ಉತ್ತರಾನೂ ಕೊಡ್ತಾರೆ. ಆದ್ರೆ ಕೇಳಲ್ಲ."

"ಹೂಂ..."

"ಹಲೋ? ಇದ್ದೀರಾ ಮೇಡಂ?"

"ಇದ್ದೀನಿ, ಹೇಳಿ."

"ಏನ್ ಹೇಳಾದು. ನಿಮ್ಗೂ ಕೇಳೋ ಮನ್ಸಿಲ್ಲ."

ಮಧ್ಯಾಹ್ನ ಒಬ್ಬ ನಿವೃತ್ತ ತಹಶೀಲ್ದಾರರು. ಅವರ ಮಗಳನ್ನು ನೋಡಿಹೋದ ಹುಡುಗ ಫೋನಿನಲ್ಲಿ, ಒಪ್ಪಿಗೆಯಾ ಎಂದು ಕೇಳಿದ್ದ. ಅವಳು ಉತ್ತರವನ್ನೇ ಕೊಡಲಿಲ್ಲ ಎಂದು ಅವನಿಗೆ ಅವಮಾನ. ಕೊಟ್ಟೆ, ಕೊಟ್ಟೆ, ಮತ್ತೆ ಕೊಟ್ಟೆ ಎಂದು ಇವಳ ಅಳು.

"ಏನಂತ ಕೊಟ್ರಂತೆ ಸರ್?"

"ಅದನ್ನ ಕೇಳಿದ್ರೆ ರೂಮ್ ಬಾಗಿಲು ಹಾಕ್ಕೋತಾಳೆ."

ಹೀಗೇ ಬಂದವು. ತಂಗಿ ಜೊತೆ ಮಾತು ಬಿಟ್ಟ ಅಕ್ಕ. ಸೊಸೆಗೆ ಸೊಕ್ಕು ಬಂದಿದೆ ಎನ್ನುವ ಅತ್ತೆ, ಅತ್ತೆಗೆ ಸೊಕ್ಕು ಬಂದಿದೆ ಎನ್ನುವ ಸೊಸೆ. ಎಲ್ಲರ ಯಂತ್ರವನ್ನೂ ಇಲ್ಲಿಂದಲೇ ಪರೀಕ್ಷಿಸಬಹುದಿತ್ತು. ಎಲ್ಲವೂ ಸರಿಯಾಗಿದ್ದವು. "ದೋಷವಿಲ್ಲ" ಎಂದು ಉತ್ತರ ಕೊಡುತ್ತ ಕೊಡುತ್ತ ವಾರಿಜಾಳಿಗೆ ಒಂದು ವಿಷಯ ಕಿವಿಗೆ ಚುಚ್ಚತೊಡಗಿತು. ದೂರು ಹೇಳುವವರು ಯಾರೂ ಒಂದೇ ಉಸಿರಿಗೆ ಹೇಳುತ್ತಿರಲಿಲ್ಲ. ನಡುನಡುವೆ ನಿಂತು, "ಹಲೋ, ಲೈನಲ್ಲಿದ್ದೀರಾ?" ಎಂದು ಕೇಳುತ್ತಿದ್ದರು. ಅವಳು ಎಲ್ಲೂ ಹೋಗಿರಲಿಲ್ಲ. ಯಾಕೆ ಹೋದವಳಂತೆ ಕೇಳಿಸುತ್ತಿದ್ದೇನೆ?

ಭಾನುವಾರ ಅತ್ತೆಗೆ ಎಣ್ಣೆಸ್ನಾನ. ತಿಳಿಗೆ ನೀರು ತಾಗಬಾರದೆಂದು ಅದನ್ನು ಬಿಚ್ಚಿ ಕಿಟಕಿಯ ಮೇಲಿಟ್ಟು, ವಾರಿಜಾ ಅವರ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಬಿಸಿಲಿನಲ್ಲಿ ಮಣೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಎಂದರು:

"ಲಾರಿ ಹೊಸಳ್ಳಿ ತಾವ ಬಂದು ನಿಂತ್ಕತು."

ಕಿವಿ ಮಂದ ಎಂದು ವಾರಿಜಾ ಗಟ್ಟಿಯಾಗಿಯೇ ಅಂದಳು, "ಹೂಂ!"

"ಮದುಮಗ ಹಿಂದ್ಗಡೆ ಜೀಪಲ್ಲಿ ಬತ್ತಾವ್ನೆ. ನಾವ್ ಇಳುದ್ವಿ."

"ಹೂಂ!"

"ಇಳುದ್ರೆ ವಾಲಗ ಊದುದ್ರು. ಕಾಲಿಗೆ ನೀರು ಕೊಟ್ರು. ಆರ್ತಿ ಎತ್ತುದ್ರು. ನಮ್ ಸೋದ್ರತ್ತೆ ಹೇಳ್ತು, ಬೀಗ್ರು ಬೋ ಒಳ್ಳೆವ್ರು ಕನ್ರವ್ವ ಅಂತ."

"ಹೂಂ!"

ಎಲೆ ಹಾಕಿದರು, ಪಾಯಸ ಬಡಿಸಿದರು, ಉಂಡು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಆ ಹೊಸಹಳ್ಳಿಯ ಮದುವೆಯ ನಿಜವಾದ ದಿಬ್ಬಣ ಬಂತು, ಸೋದರತ್ತೆ ಬಾಯಲ್ಲಿದ್ದ ಎಲೆಯಡಿಕೆ ಸಮೇತ ಓಡಿ ಲಾರಿ ಹತ್ತಿದಳು. ಕಥೆ ಒಂದು ಕಡೆಯೂ ಎಡವದೆ ಮುಗಿಯಿತು. ಅತ್ತೆ ಎಣ್ಣೆಮುಖದಲ್ಲಿ ನಕ್ಕರು.

ಸೀಗೆಪುಡಿ ಕಲಸುತ್ತಿದ್ದ ವಾರಿಜಾಳ ಕೈ ನಿಂತಿತು. ಮರೆವು ಎಲ್ಲಿದೆ ಇದರಲ್ಲಿ? ಅವಳು ಕೈ ಒರೆಸಿಕೊಂಡು ತಿಳಿಯನ್ನು ತಂದು ಅತ್ತೆಯ ಕಿವಿಗಿಟ್ಟಳು.

"ಅತ್ತೆ, ನಾನೀಗ ಏನಂತೀನಿ ಹೇಳಿ. ಕಾಫಿ."

"ಕಾಫಿ ಅಂದೆ. ಸ್ನಾನ ಆಗ್ಲವ್ವ ಮೊದ್ಲು."

"ಈಗ?" ಎಂದು, ವಾರಿಜಾ "ಹೂಂ" ಎಂದಳು.

"ಏನೂ ಅನ್ನನಿಲ್ವಲ್ಲ. ಬಾಯೇ ಬುಡ್ನಿಲ್ಲ ನೀನು."

ಬಾಯಿ ಬಿಡಲಿಲ್ಲ. ಹೌದು. ಹೂಂ ಎನ್ನುವುದು ತುಟಿ ಮುಚ್ಚಿ, ಮೂಗಿನಲ್ಲಿ ಆಡುವ ಮಾತು. ಅನ್ನುವವರಿಗೆ ಅದು ತಮ್ಮ ತಲೆಬುರುಡೆಯ ಮೂಳೆಯ ಮೂಲಕವೇ ಕೇಳಿಸಿಬಿಡುತ್ತದೆ. ಅಂದೆ, ಖಂಡಿತ ಅಂದೆ ಎಂದು ಆಣೆ ಇಡಬಲ್ಲರು. ಎದುರಿನವರ ಕಿವಿಯಲ್ಲಿ ಕೂತ ತಿಳಿ ಅದನ್ನು ಗಲಾಟೆ ಎಂದು ಅಳಿಸಿಹಾಕಿರುತ್ತದೆ. ಹೂಂ ಕಳೆದುಹೋಗಿದೆ ಎಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಇದ್ದಾಗಲೂ ಯಾರೂ ಅದನ್ನು ಗಮನಿಸಿ ಕೇಳಿರುವುದಿಲ್ಲ. ಇವರಿಗೆ ನನ್ನ ಮಾತು ಬೇಡವಾಯಿತು ಎಂದಷ್ಟೇ ಅನ್ನಿಸುತ್ತದೆ.

ಸೋಮವಾರ ಫರ್ಹಾನಾ ಪೂರ್ತಿ ಕೇಳಿ ತಲೆ ಕೆರೆದುಕೊಂಡಳು.

"ಆದ್ರೆ ಅಕ್ಕ, ಹೂಂ ಅನ್ನೋದಕ್ಕೆ ಅರ್ಥಾನೇ ಇಲ್ವಲ್ಲ. ಅದು ಮಾತಾ?"

"ಅಳಿಸಿದ್ದನ್ನ ಕೇಳೋಣ, ಬಾ."

ವಾರಿಜಾಳಿಗೆ ಕೆಲಸ ಕಲಿಸಿದ ಗುರುಗಳು ದಾಸೇಗೌಡರು ಟೇಪಿನ ಕಾಲದವರು. ಕತ್ತರಿಸಿದ ತುಂಡುಗಳನ್ನು ಕೂಡಲೇ ಎಸೆಯಲು ಬಿಡುತ್ತಿರಲಿಲ್ಲ. ಮೊಳೆಗೆ ನೇತುಹಾಕಿ, ಸಂಜೆ ಅವನ್ನೇ ಅಂಟಿಸಿ ಕೇಳಿಸುತ್ತಿದ್ದರು. "ತಿಳಿ ಯಾರು ಬೇಕಾದ್ರೂ ಕುಡೀತಾರೆ. ಗಸೀನ ಒಂದ್ಸಲ ನಾಲಿಗೆಗೆ ಹಾಕ್ಕೊಂಡು ಆಮೇಲೆ ಚೆಲ್ಲು," ಎನ್ನುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಅದಕ್ಕೂ ದಾರಿಯಿತ್ತು. ತೊಳೆದ ಧ್ವನಿಯನ್ನು ತಲೆಕೆಳಗು ಮಾಡಿ, ತೊಳೆಯದ ಧ್ವನಿಯ ಮೇಲೆ ಕೂಡಿಸಿದರೆ, ಎರಡರಲ್ಲೂ ಇರುವುದೆಲ್ಲ ಹೊಡೆದುಹೋಗಿ, ತೆಗೆದುಹಾಕಿದ್ದು ಮಾತ್ರ ಉಳಿಯುತ್ತದೆ. ಇದನ್ನು ಮಾಡಿ ಎಷ್ಟೋ ವರ್ಷವಾಗಿತ್ತು. ತನ್ನ ಕೈ ಅಷ್ಟು ಪಳಗಿದೆ, ಇನ್ನೇನು ನೋಡುವುದು ಎಂದು ಬಿಟ್ಟಿದ್ದಳು.

"ಯಾರ ಜೊತೆಯಾದ್ರೂ ಫೋನಲ್ಲಿ ಮಾತಾಡು."

"ಅಮ್ಮಿಗೆ ಮಾಡ್ತೀನಿ. ಹೇಳೇ ಮಾಡ್ತೀನಿ, ಆಫೀಸಿನ ಪರೀಕ್ಷೆ ಅಂತ. ಆದ್ರೆ ನಾನು ಮಾತಾಡೋದು ಏನಿರಲ್ಲ ಅಕ್ಕ, ಬರೀ ಕೇಳೋದೇ."

ಅಮ್ಮಿ ಮಂಡಿ ಮೊಹಲ್ಲಾದಿಂದ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಬಿರಿಯಾನಿ, ಅದರಲ್ಲಿ ಹೆಚ್ಚಾದ ಉಪ್ಪು, ಆ ಉಪ್ಪಿಗೆ ಕಾರಣರಾದವರು, ಎಲ್ಲ ಹೇಳಿದರು. ಫೋನಿಟ್ಟ ಮೇಲೆ ವಾರಿಜಾ ಅಮ್ಮಿಯ ತಿಳಿಗೆ ಬಂದದ್ದು, ಅದು ತೊಳೆದದ್ದು, ಎರಡು ಧ್ವನಿಗಳನ್ನೂ ತಂದು, ಒಂದನ್ನು ತಲೆಕೆಳಗು ಮಾಡಿ, ಕೂಡಿಸಿ, ದೊಡ್ಡ ಸ್ಪೀಕರಿಗೆ ಬಿಟ್ಟಳು.

ಮೊದಲು ಫ್ಯಾನು. ದೂರದಲ್ಲಿ ಲಿಫ್ಟಿನ ಬಾಗಿಲು. ಆಮೇಲೆ ಒಂಟಿಯಾಗಿ, ಯಾರಿಗೂ ಅಲ್ಲದ ಹಾಗೆ, ಫರ್ಹಾನಾಳ ದನಿ: ಹೂಂ. ಸ್ವಲ್ಪ ಮೌನ. ಹೂಂ. ಹೂಂ ಹೂಂ. ಉಪ್ಪಿನ ಕಡೆ ಒಂದು ಎಳೆದ ಹೂಂ. ಯಾವುದೋ ಹೆಸರಿಗೆ ನಗು ಬೆರೆತ ಸಣ್ಣ ಹೂಂ. ಇಡೀ ಕೋಣೆ ತುಂಬ, ಎದುರಿಗೆ ಮಾತೇ ಇಲ್ಲದೆ, ಬರೀ ಹೂಂಗುಟ್ಟುವಿಕೆ.

ಫರ್ಹಾನಾ ಸ್ಪೀಕರಿನ ದನಿ ತಗ್ಗಿಸಿದಳು.

"ಅಮ್ಮಿ ಮೊನ್ನೆ ಅಂದ್ರು. ನೀನು ದೊಡ್ಡ ಮನುಷ್ಯೆ ಆದೆ, ನನ್ನ ಮಾತಿಗೆ ಪುರುಸೊತ್ತಿಲ್ಲ ನಿಂಗೆ ಅಂತ. ನಾನು ದಿನಾ ಕೇಳ್ತೀನಲ್ಲ ಅಂತ ಜಗಳ ಆಡ್ದೆ."

ವಾರಿಜಾಳಿಗೆ ಇನ್ನೊಂದು ತಿಳಿಯಿತು. ಯಂತ್ರ ಕತ್ತರಿಸಿದ ರೀತಿ ಅವಳಿಗೆ ಗುರುತು ಹತ್ತಿತು. ಹೂಂ ಮುಗಿಯುವ ಮೊದಲೇ ಕತ್ತರಿ ಹಾಕಿ, ಅಂಚು ಕಾಣದಂತೆ ಸವರಿಬಿಡುವ ಕೈ ಅದು, ಅವಳದೇ ಕೈ. ಸಂದರ್ಶನ ಮಾಡುವವರ ಹೂಂ ಅತಿಥಿಯ ಮಾತಿನ ಮೇಲೆ ಬೀಳುತ್ತದೆ ಎಂದು ಅವಳು ಅದನ್ನು ಬೇರುಸಹಿತ ಕಿತ್ತಿದ್ದಳು. ತಲೆ ಆಡಿಸಿ ಸಾಕು, ಬಾಯಿ ಮುಚ್ಚಿಕೊಂಡಿರಿ ಎಂದು ದೊಡ್ಡ ದೊಡ್ಡವರಿಗೆಲ್ಲ ಹೇಳಿದ್ದಳು. ರೇಡಿಯೊಗೆ ಅದು ಸರಿಯೇ ಆಗಿತ್ತು. ರೇಡಿಯೊ ಕೇಳುವವರು ತಮ್ಮ ತಮ್ಮ ಅಡುಗೆಮನೆಯಲ್ಲಿ ಕೂತು ಆ ಖಾಲಿ ಜಾಗದಲ್ಲಿ ತಾವೇ ಹೂಂ ಅನ್ನುತ್ತಿದ್ದರು. ಎದುರು ಬದುರು ಮಾತಿನಲ್ಲಿ ಆ ಜಾಗ ಖಾಲಿಯಾದರೆ ಅಲ್ಲಿ ಅನುಮಾನ ಬಂದು ಕೂರುತ್ತದೆ.

ಅವಳಿಗೆ ಸಂಕಟವಾಗಬೇಕಿತ್ತು. ಆದದ್ದು ಹಸಿವು. ಎಷ್ಟೋ ದಿನದ ಮೇಲೆ, ಬೇಗ ಮುಂದಿನ ಕೆಲಸ ಹಿಡಿಯಬೇಕು ಎನ್ನುವ ಹಸಿವು.

ಹೆಡ್ಡಾಫೀಸಿನವರು ಒಂದು ಷರತ್ತು ಹಾಕಿದರು. ಕೆಮ್ಮು, ಗಂಟಲು ಸರಿಮಾಡಿಕೊಳ್ಳುವುದು ಯಾವುದೂ ಒಳಗೆ ಬರದೆ ಹೂಂ ಮಾತ್ರ ಬರಬೇಕು. ಸಂಕ್ರಾಂತಿಯೊಳಗೆ ಆದರೆ ಆಯಿತು, ಇಲ್ಲದಿದ್ದರೆ ಯಂತ್ರ ಇದ್ದಂತೆ ಇರುತ್ತದೆ.

"ಯಂತ್ರಕ್ಕೆ ಪಾಠ ನೀವೇ ಬರೀಬೇಕು ಅಕ್ಕ," ಎಂದಳು ಫರ್ಹಾನಾ. "ನನಗೆ ಒಂದು ಹೂಂಗೂ ಇನ್ನೊಂದು ಹೂಂಗೂ ವ್ಯತ್ಯಾಸ ಗೊತ್ತಾಗಲ್ಲ."

"ನನಗೆ ಪ್ರೋಗ್ರಾಂ ಬರೆಯೋಕೆ ಬರಲ್ಲ."

"ನಾನು ಕಲಿಸ್ತೀನಿ. ನೀವು ನನಗೆ ಕೇಳೋದು ಕಲಿಸಿ."

ಹಾಗೆ ಆಲಿಸುವ ಕೋಣೆಗೆ ಎರಡನೆಯ ಕುರ್ಚಿ ಬಂತು. ಬೆಳಗ್ಗೆ ದೂರು, ಮಧ್ಯಾಹ್ನ ಪಾಠ. ವಾರಿಜಾ ಬರೆದ ಮೊದಲ ಸಾಲುಗಳನ್ನು ಯಂತ್ರ ಓದಲೇ ಇಲ್ಲ. ಎಲ್ಲೋ ಒಂದು ಚುಕ್ಕಿ ಬಿಟ್ಟಿದ್ದಳು. ಎರಡನೆಯ ಸಲ ಓದಿತು, ಆದರೆ ಇಡೀ ಕಚೇರಿಯನ್ನೇ ಮೂಕ ಮಾಡಿತು. "ಇದು ನಿಮ್ಮ ಸ್ಟುಡಿಯೊ ಅಲ್ಲ ಅಕ್ಕ, ಬಾಯಿ ಮುಚ್ಚಿ ಅಂತ ಬರೆದಿದ್ದೀರಿ," ಎಂದು ಫರ್ಹಾನಾ ಮೇಜಿಗೆ ತಲೆಯಿಟ್ಟು ನಕ್ಕಳು. ಅವಳ ಸರದಿ ಬಂದಾಗ ವಾರಿಜಾ ಬಿಡಲಿಲ್ಲ. ಕಣ್ಣು ಮುಚ್ಚಿಸಿ ಹೂಂ ಕೇಳಿಸಿದಳು. "ಇದು ಯಾವ ಹೂಂ?" "ಒಪ್ಪಿಗೆ?" "ಅಲ್ಲ ಕಣೇ. ಕೊನೇಲಿ ಕೆಳಗೆ ಬಿತ್ತಲ್ಲ. ಇದು 'ಆಯ್ತಪ್ಪ, ನಿಂದೇ ಗೆಲುವು' ಅನ್ನೋ ಹೂಂ." ಮನೆಯಲ್ಲಿ ಬೆಳಗಿನ ಅಡುಗೆಮನೆಯ ಸಾಧನೆಯೂ ತಾನಾಗಿ ಶುರುವಾಯಿತು. ಕುಕ್ಕರಿನ ರಬ್ಬರು ಹಳತಾಗಿದೆ ಎಂದು ಸೀಟಿಯ ಶ್ರುತಿಯಿಂದಲೇ ಹೇಳಿ, ಹೊಸದು ತರಿಸಿದಳು.

ಮೊದಲ ಹೊಸ ಪಾಠವನ್ನು ಅತ್ತೆಯ ತಿಳಿಗೆ ಹಾಕಿ ಪರೀಕ್ಷೆಗೆ ಬಿಟ್ಟಳು. ಸಂಜೆ ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಒಬ್ಬರೇ ಮಾತಾಡುತ್ತಿದ್ದರು. ಬಾಗಿಲಲ್ಲಿ ಮಾದೇವಪ್ರಸಾದ್ ಗಾಬರಿಯಾಗಿ ನಿಂತಿದ್ದರು.

"ಯಾರ ಜೊತೆ ಮಾತಾಡ್ತಿದ್ದೀರಿ ಅತ್ತೆ?"

"ಈ ಫ್ರಿಜ್ಜು ಬೋ ಚೆನ್ನಾಗಿ ಹೂಂಗುಡ್ತದೆ ಕನವ್ವ. ಸುಸ್ತೇ ಇಲ್ಲ ಅದ್ಕೆ. ನಿನ್ ಗಂಡಂಗಿಂತ ವಾಸಿ."

ಬಾಯಿ ಮುಚ್ಚಿ ಹೊರ ಬರುವ ಗುಂಯ್‌ಗುಟ್ಟುವಿಕೆಯನ್ನೆಲ್ಲ ಒಳಗೆ ಬಿಡು ಎಂದು ವಾರಿಜಾ ಬರೆದಿದ್ದಳು. ಫ್ರಿಜ್ಜಿಗೂ ಬಾಯಿಯಿಲ್ಲವಲ್ಲ! ಮಾದೇವಪ್ರಸಾದ್ ಮುಖ ಊದಿಸಿಕೊಂಡು ಒಳಗೆ ಹೋದರು. ವಾರಿಜಾ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಅತ್ತೆ, ಫ್ರಿಜ್ಜು ಹೂಂ ಅನ್ನೋದಕ್ಕೂ ನಾನು ಅನ್ನೋದಕ್ಕೂ ಏನು ವ್ಯತ್ಯಾಸ?"

"ಅದು ನಾನ್ ಸುಮ್ಕಿದ್ರೂ ಅಂತದೆ. ನೀನು ನಾನ್ ನಿಲ್ಸುದ್ರೆ ಅಂತೀಯ."

ಮರುದಿನ ವಾರಿಜಾ, ಫರ್ಹಾನಾ ಇಬ್ಬರೂ ಕೂತು ಮುದ್ರಿಸಿದ ಮಾತುಕತೆಗಳನ್ನೆಲ್ಲ ಅದೇ ಕಿವಿಯಿಂದ ಕೇಳಿದರು. ಹೌದು; ಹೇಳುವವರ ಉಸಿರು ತಿರುಗುವ ಜಾಗದಲ್ಲೇ ಹೂಂ ಬಂದು ಕೂರುತ್ತದೆ, ಬಾಗಿಲ ಸಂದಿಗೆ ಬೆರಳಿಟ್ಟ ಹಾಗೆ. ಯಂತ್ರ ಇಷ್ಟು ದಿನ ಪ್ರತಿ ಎಳೆಯನ್ನೂ ಒಂಟಿಯಾಗಿ ತೂಗುತ್ತಿತ್ತು. ಒಂಟಿಯಾಗಿ ತೂಗಿದರೆ ಹೂಂಗೆ ತೂಕವೇ ಇಲ್ಲ. ಅದು ಒಬ್ಬರ ಶಬ್ದವಲ್ಲ, ಇಬ್ಬರ ನಡುವಿನದು. ಹಾಗಾಗಿ ಯಂತ್ರ ಹೇಳುವವರ ಉಸಿರನ್ನೂ ಕೇಳುವವರ ಮೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು. ಅದನ್ನು ಪ್ರೋಗ್ರಾಮಿನಲ್ಲಿ ಬರೆದಾಗ ಕೆಲವೇ ಸಾಲು ಆಯಿತು. ಆ ಸಾಲುಗಳನ್ನು ವಾರಿಜಾ ತಾನೇ ಬರೆದಳು. ಚುಕ್ಕಿ ಎಲ್ಲೂ ಬಿಡಲಿಲ್ಲ.

ಹಬ್ಬದ ವಾರ ಹೊಸ ಪಾಠ ಊರಿನ ಎಲ್ಲರ ತಿಳಿಗೂ ಹೋಯಿತು. ಯಾರಿಗೂ ಏನೂ ಹೇಳಿರಲಿಲ್ಲ. ತಹಶೀಲ್ದಾರರು ಲಗ್ನಪತ್ರಿಕೆ ಕೊಡಬೇಕು, ವಿಳಾಸ ಹೇಳಿ ಎಂದರು. ಬನ್ನೂರಿನ ಹೆಂಗಸೂ ಫೋನು ಮಾಡಿದಳು.

"ಮೇಡಂ, ಈಗ ಹೂಂ ಅಂತಾರೆ."

"ಒಳ್ಳೇದಾಯ್ತಲ್ಲಮ್ಮ."

"ಆದ್ರೆ ಈಗ್ಲೂ ಕೇಳಲ್ಲ."

"ಅದು ನಮ್ಮ ಮಿಷಿನ್ ಕೈಲಿ ಆಗಲ್ಲಮ್ಮ," ಎಂದಳು ವಾರಿಜಾ. ಇಬ್ಬರೂ ನಕ್ಕರು.

ಫರ್ಹಾನಾ ಮತ್ತೆ ಎರಡು ಲೋಟ ಟೀ ತಂದಳು. ಈ ಸಲ ವಾರಿಜಾಳಿಗೆ ಹೆದರಿಕೆಯಾಗಲಿಲ್ಲ. ಆಲಿಸುವ ಕೋಣೆಗೆ ಮನುಷ್ಯರು ಬೇಕಂತೆ, ನಾಳೆಯಿಂದ ಪೂರ್ತಿ ದಿನ ಇಲ್ಲೇ ಇರಿ ಎಂದಳು ಅವಳು.

"ಮಧ್ಯಾಹ್ನ ಸಾಕು ಕಣೇ. ಬೆಳಗ್ಗೆ ದೂರಿನ ಕುರ್ಚಿ ನನಗೇ ಇರ್ಲಿ. ಸರಿ, ಸರಿ ಅಂತ ಗುಂಡಿ ಒತ್ತಿ ಒತ್ತಿ ಕಿವಿಗೆ ಜಂಗು ಹಿಡಿದಿತ್ತು. ಸರಿ ಇಲ್ಲ ಅನ್ನೋರ ಜೊತೆ ಇದ್ರೆ ನಾನು ಇನ್ನೂ ಏನಾದ್ರೂ ಕಲೀತೀನಿ."

"ನೋಡೋಣ," ಎಂದಳು ಫರ್ಹಾನಾ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಆಯ್ತು ಅಂದೆ, ಆಯ್ತು," ಎಂದಳು.

ಸಂಕ್ರಾಂತಿಯ ಹಿಂದಿನ ಸಂಜೆ. ನಡುಮನೆಯಲ್ಲಿ ಅತ್ತೆ ಎಳ್ಳಿಗೆ ಬೆರೆಸಲು ಬೆಲ್ಲದ ಅಚ್ಚನ್ನು ಸಣ್ಣಗೆ ಹೆಚ್ಚುತ್ತಿದ್ದರು, ವಾರಿಜಾ ಕೊಬ್ಬರಿ. ಡಾಕ್ಟರ ಮಾತು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಲಾರಿ ಹೊಸಹಳ್ಳಿ ದಾಟಿ, ಆರತಿ ದಾಟಿ, ಎಲೆಯ ಮುಂದೆ ಕೂತಿತ್ತು. ಅಷ್ಟರಲ್ಲಿ ಫೋನಿಗೆ ಫರ್ಹಾನಾಳ ಸಂದೇಶ ಬಂತು: ಸಿಟ್ಟಿನ ಹೂಂ ಯಂತ್ರಕ್ಕೆ ಇನ್ನೂ ಸರಿಯಾಗಿ ಹತ್ತಿಲ್ಲ, ಹಬ್ಬ ಮುಗಿಸಿ ಬನ್ನಿ. ವಾರಿಜಾ ಅದನ್ನು ಓದುತ್ತ, "ಹೂಂ," ಎಂದಳು.

ಬೆಲ್ಲ ಹೆಚ್ಚುವ ಕೈ ನಿಂತಿತು.

"ಇದು ಕೇಳೋ ಹೂಂ ಅಲ್ಲ."

"ಕೇಳ್ತಿದ್ದೀನಿ ಅತ್ತೆ."

"ಇದು ಮಗೀಗೆ ಜೋಲಿ ತೂಗೋ ಹೂಂ ಕನವ್ವ. ಈಗ ನಂಗೆ ಎಲ್ಲಾ ಚೆಂದಾಗಿ ಕೇಳಿಸ್ತದೆ, ಹುಷಾರು."

ವಾರಿಜಾ ಫೋನನ್ನು ಕವುಚಿ ಹಾಕಿದಳು. ಕೊಬ್ಬರಿಯನ್ನೂ ಪಕ್ಕಕ್ಕಿಟ್ಟಳು. ಅತ್ತೆಯ ಮುಖ ನೋಡುತ್ತ ಕೂತಳು. ಈ ಮನೆಗೆ ಬಂದಾಗಿನಿಂದ ಕೇಳಿದ ಕಥೆ. ಪಾಯಸದ ಸರದಿ ಬಂದರೆ ಸೋದರತ್ತೆಯ ಓಟ ನೆನೆದು ಎಲ್ಲರೂ ಮೊದಲೇ ನಗಲು ಶುರುಮಾಡುತ್ತಿದ್ದರು. ಇವತ್ತು ಅವಳು ನಗಲಿಲ್ಲ.

"ಪಾಯ್ಸ ಬಡಿಸ್ತಿದ್ದ ಹುಡ್ಗ ನನ್ ಎಲೆ ತಾವ ಎಲ್ಡ್ ಕಿತಾ ಬಂದ," ಎಂದರು ಅತ್ತೆ.

ಇದು ಕಥೆಯಲ್ಲಿ ಇರಲಿಲ್ಲ.

"ಹೂಂ?"

"ಬ್ಯಾಡ ಅಂತ ಕೈ ಅಡ್ಡ ಇಟ್ಟೆ. ಕೈ ಮ್ಯಾಲೇ ಬಡಿಸ್ಬುಟ್ಟ."

"ಹೂಂ."

"ಹೊಂಟ್ ಹೋಗುವಾಗ ಲಾರಿ ಹಿಂದ್ಗಡೆ ಓಡ್ ಬಂದು ಕೇಳ್ದ, ನಿಮ್ದು ಯಾವ್ ಹೊಸಳ್ಳಿ ಅಂತ. ಹೊಸಳ್ಳಿ ಅಲ್ಲ, ನಮ್ದು ಹೆಮ್ಮರಗಾಲ ಅಂದೆ. ಹುಡಿಕ್ಕೊಂಡು ಬಂದ, ಮುಂದಿನ್ ಬ್ಯಾಸ್ಗೇಲಿ. ಅವ್ರೇ ಕನವ್ವ ನಿಮ್ಮಾವ."

ಒಳಗೆ ಕೆಂಪು ಪೆನ್ನು ನೆಲಕ್ಕೆ ಬಿದ್ದ ಸದ್ದಾಯಿತು. ತಿಳಿ ಅದನ್ನು ಅಳಿಸಿತೋ ಏನೋ; ಮಾದೇವಪ್ರಸಾದರು ಮಾತ್ರ ಬಾಗಿಲಿಗೆ ಬಂದು ನಿಂತಿದ್ದರು.

"ಅವ್ವಾ, ಇಷ್ಟು ವರ್ಷ ಇದನ್ನ ಯಾಕೆ ಹೇಳ್ಲಿಲ್ಲ?"

"ಪಾಯ್ಸದ ತಾವ ಯಾರೂ ಹೂಂ ಅನ್ನನಿಲ್ಲ ಕನಪ್ಪ. ಎಲ್ರೂ ನಗೋರು," ಎಂದು ಅತ್ತೆ ಬೆಲ್ಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು. "ಕುಂತ್ಕಳಿ ಇಬ್ರೂವೆ. ಹುಡಿಕ್ಕೊಂಡು ಬಂದ ಅಂದ್ನಲ್ಲ, ಬರುವಾಗ ಕೈಲೇನಿತ್ತು ಅಂತೀಯಾ..."

"ಹೂಂ," ಎಂದಳು ವಾರಿಜಾ.

ಬಾಗಿಲ ಕಡೆಯಿಂದ, ಸ್ವಲ್ಪ ತಡವಾಗಿ, ಇನ್ನೊಂದು ಹೂಂ ಬಂತು. ಅತ್ತೆ ತಲೆ ಓರೆಮಾಡಿ ಅದನ್ನೂ ಕೇಳಿಸಿಕೊಂಡು, ಸರಿಯಾಗಿದೆ ಎನ್ನಿಸಿದ ಮೇಲೆ ಮುಂದಕ್ಕೆ ಹೇಳಿದರು.